ಕ್ವಾಯ್ ನದಿಯ ಸೇತುವೆ

ವಿದ್ಯಾರ್ಥಿಯಾಗಿದ್ದಾಗ ಚಿತ್ರಮಂದಿರದಲ್ಲಿ ಕಂಡು ಮೈಮರೆತಿದ್ದ ಚಲನಚಿತ್ರವೊಂದನ್ನು ನಾಲ್ಕು ದಶಕಗಳ ಅನಂತರ ಮನೆಯಲ್ಲಿ ಕುಳಿತು ಮತ್ತೆ ನೋಡಿದೆ. ಮಗ ಅದರ ಡಿವಿಡಿಯನ್ನು ತಂದುಕೊಟ್ಟಿದ್ದ. ಫ್ರೆಂಚ್ ಲೇಖಕ ಪಿಯರ್ ಬೂಲ್ ಅವರ ಕಾದಂಬರಿಯನ್ನು ಆಧರಿಸಿ ಡೇವಿಡ್ ಲೀನ್ ನಿರ್ದೇಶಿಸಿದ ಆ ಚಿತ್ರ 'ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್'. 1957ರಲ್ಲಿ ತೆರೆಕಂಡ ಅದು ಏಳು ಆಸ್ಕರ್ ಪ್ರಶಸ್ತಿಗಳನ್ನು ಗಳಿಸಿತು. ಕಥೆ ನಡೆಯುವುದು ಥಾಯ್ಲೆಂಡಿನಲ್ಲಾದರೂ ಚಿತ್ರಕ್ಕಾಗಿ ಸೇತುವೆಯನ್ನು ಕಟ್ಟಿದ್ದು ನಮ್ಮ ನೆರೆಯ ಶ್ರೀಲಂಕೆಯ ಕಿತುಲ್ಗಲದಲ್ಲಿ.

ಎರಡನೆಯ ಮಹಾಯುದ್ಧದ ಕಾಲ. ಜಪಾನೀಯರ ಸೆರೆಗೆ ಸಿಕ್ಕ ಬ್ರಿಟಿಷ್ ಸೈನಿಕರು ರೈಲು ಸೇತುವೆಯೊಂದನ್ನು ಕಟ್ಟಬೇಕಾಗಿದೆ. ಅಧಿಕಾರಿಗಳೂ ಕೈಯಾರೆ ದುಡಿಯಬೇಕೆಂದು ಶಿಬಿರದ ಮುಖ್ಯಸ್ಥ ಸೈಟೋ ಆಜ್ಞಾಪಿಸುತ್ತಾನೆ. ಜಿನೀವಾ ಒಪ್ಪಂದಕ್ಕೆ ಇದು ವಿರುದ್ಧವೆಂದು ಕರ್ನಲ್ ನಿಕಲ್ಸನ್ ನಿರಾಕರಿಸುತ್ತಾನೆ. ಕಾದ ತಗಡಿನ ಗೂಡಿನಲ್ಲಿ ಕೂಡಿಹಾಕಿದರೂ ಅವನು ಬಗ್ಗುವುದಿಲ್ಲ. ಕೊನೆಗೆ ಸೋಲುವವನು ಸೈಟೋ. ಅಂದು ನಾವೆಲ್ಲ ಚಪ್ಪಾಳೆ ತಟ್ಟಿದ್ದು ಈ ಗಳಿಗೆಯಲ್ಲಿ. ಆಮೇಲೆ ನಡೆದುದನ್ನು ನಾನು ಸರಿಯಾಗಿ ಗಮನಿಸಿಯೇ ಇರಲಿಲ್ಲ.

ಮನೆಯಲ್ಲಿ ನೋಡುವಾಗ ಚಿತ್ರವನ್ನು ಬೇಕೆಂದಲ್ಲಿ ನಿಲ್ಲಿಸಬಹುದು, ಹಿಂದಕ್ಕೆ ಸರಿಸಬಹುದು. ನಾನು ಮೂರು ಸಲ ಹಿಂದಕ್ಕೆ ಸರಿಸಿ ನೋಡಿದ್ದು ಆಸ್ಪತ್ರೆಯ ದೃಶ್ಯವನ್ನು. ತನ್ನ ಸೈನಿಕರ ಶಿಸ್ತು ಕೆಡದಿರಲೆಂದು ಸೇತುವೆಯ ಹೊಣೆಯನ್ನು ತಾನೇ ಹೊತ್ತ ನಿಕಲ್ಸನ್‌ಗೆ ಈಗ ಗಡುವು ತಪ್ಪೀತೆಂಬ ಚಿಂತೆ. ಅಧಿಕಾರಿಗಳು ದುಡಿಯಕೂಡದೆಂದು ಪ್ರಾಣವನ್ನೇ ಪಣವಾಗಿಟ್ಟಿದ್ದವನು ಈಗ ಅವರನ್ನೂ ಕೆಲಸಕ್ಕೆ ಹಚ್ಚುತ್ತಾನೆ. ಹಾಸಿಗೆ ಹಿಡಿದ ರೋಗಿಗಳನ್ನು ಮೃದುವಾದ ಮಾತುಗಳಿಂದ ಎಬ್ಬಿಸಿ ಕರೆದೊಯ್ಯುತ್ತಾನೆ. ಸೈಟೋ ಗದರಿಸಿ ಮಾಡಿಸಲಾರದ್ದನ್ನು ಇವನು ನಯದಿಂದ ಮಾಡಿಸಿದನಲ್ಲ! ಇದು ಶತ್ರುವಿನ ಸೇತುವೆ ಎಂಬುದೇ ಅವನಿಗೆ ಮರೆತುಹೋಗಿದೆ. ಕೊನೆಯಲ್ಲಿ, ಸೇತುವೆಯನ್ನು ಉರುಳಿಸಲು ತನ್ನ ಪಕ್ಷದವರೇ ಹೂಡಿದ ಸಿಡಿಮದ್ದಿನ ತಂತಿಯನ್ನು ಕಂಡು ಅವನು ಕರೆಯುವುದು ಸೈಟೋನನ್ನು. ಆ ಅನರ್ಥದ ಬೀಜ ಬಿದ್ದದ್ದು ಈ ಆಸ್ಪತ್ರೆಯಲ್ಲಿಯೇ.

ಚಿತ್ರ ಮುಗಿದ ಮೇಲೆ ಇತಿಹಾಸದ ಪುಸ್ತಕವನ್ನು ತೆರೆದೆ. ಥಾಯ್ಲೆಂಡಿನಿಂದ ಬರ್ಮಾಕ್ಕೆ ಸುಮಾರು 415 ಕಿಲೋಮೀಟರ್ ಉದ್ದದ ಆ ರೈಲುಮಾರ್ಗವನ್ನು 1942-43ರಲ್ಲಿ ಕಟ್ಟಲಾಯಿತು. ಸೇತುವೆಯ ಶಿಬಿರದಲ್ಲಿದ್ದ ನಿಜವಾದ ಬ್ರಿಟಿಷ್ ಅಧಿಕಾರಿ ಫಿಲಿಪ್ ಟೂಸಿ ಅವರು ನಿಕಲ್ಸನ್‌ನಂತಲ್ಲ. ಕೆಲಸವನ್ನು ಆದಷ್ಟು ತಡಮಾಡಿಸಲು ಹವಣಿಸಿದವರು. ಆ ಮಾರ್ಗದಲ್ಲಿ 12,000ಕ್ಕೂ ಹೆಚ್ಚು ಯುದ್ಧಕೈದಿಗಳು ಸತ್ತರು. ಅವರಿಗಿಂತ ಅನೇಕ ಪಟ್ಟು ಹೆಚ್ಚು ಸತ್ತವರು ಏಷ್ಯಾದ ಕೂಲಿಗಳು: ಬರ್ಮೀಯರು, ಜಾವಾದವರು, ಮಲಯದ ರಬ್ಬರ್ ತೋಟಗಳಿಂದ ಒಯ್ದ ತಮಿಳರು. ಎರಡೂವರೆ ಗಂಟೆಗೂ ಮೀರಿದ ಚಿತ್ರದಲ್ಲಿ ಇವರ ಕಥೆಗೆ ಎಡೆಯಿಲ್ಲ. ಕಾಂಚನಬುರಿಯ ರುದ್ರಭೂಮಿಯಲ್ಲಿ ಸೈನಿಕರ ಸಮಾಧಿಗಳು ಸಾಲುಸಾಲಾಗಿವೆ, ಅವುಗಳ ಮೇಲೆ ಹೆಸರುಗಳಿವೆ. ಕೂಲಿಗಳಲ್ಲಿ ಬಹುಪಾಲು ಜನರನ್ನು ಹೂಳಿದ ಸ್ಥಳಕ್ಕೆ ಒಂದು ಗುರುತಿನ ಕಲ್ಲೂ ಇಲ್ಲ.