ಗಣಕ ವಿದ್ಯಾರ್ಥಿಯ ಪೂರ್ವಸಿದ್ಧತೆ

ಮಕ್ಕಳನ್ನು ಕಾಲೇಜಿಗೆ ಕಳುಹಿಸುವ ಪ್ರತಿಯೊಬ್ಬ ತಂದೆಯ ಮನಸ್ಸಿನಲ್ಲಿಯೂ ಒಂದು ಪ್ರಶ್ನೆ ಇದ್ದೇ ಇರುತ್ತದೆ. ಕೆಲವರು ಅದನ್ನು ಬಾಯಿಬಿಟ್ಟು ಕೇಳುತ್ತಾರೆ, ಕೆಲವರು ಕೇಳುವುದಿಲ್ಲ. ನನ್ನ ಅಪ್ಪಯ್ಯ ಕೇಳಿದರು. ತಂಗಿಯನ್ನು ಬಿ.ಸಿ.ಎ. ತರಗತಿಗೆ ಸೇರಿಸುವ ಹಿಂದಿನ ರಾತ್ರಿ, ಕೊಕ್ಕರ್ಣೆಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, "ಕಂಪ್ಯೂಟ್ರ್ ಕಲ್ತ್ರೆ ಕೆಲ್ಸ ಸಿಕ್ಕತ್ ಅಂಬ್ರ್, ಹೌದಾ ಮಗಾ?" ಎಂದರು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರ ಈ ಪ್ರಶ್ನೆಗೆ, ನಮ್ಮ ಮನೆತನದಲ್ಲಿ ಮೊತ್ತಮೊದಲು ಪದವಿಯ ಮೆಟ್ಟಿಲೇರಿದ ನಾನು ಉತ್ತರ ಕೊಡಲಾರದೆ ಹೋದೆ. ಅಂದು ಕೊಡಲಾಗದ ಉತ್ತರವನ್ನು ಇಂದು ಈ ಪುಟಗಳಲ್ಲಿ ಹುಡುಕಲು ಯತ್ನಿಸಿದ್ದೇನೆ. ಇತಿಹಾಸ ಮತ್ತು ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಗಣಕದ ಗೊಡವೆ ಏಕೆಂದು ಅಧ್ಯಾಪಕ ವರ್ಗದವರು ನಗಬಾರದಾಗಿ ವಿನಂತಿ.

ಮೊದಲು ಒಬ್ಬ ಮಿತ್ರನ ಕತೆ. ಆತ ಎರಡು ವರ್ಷಗಳ ಹಿಂದೆ ಬಿ.ಸಿ.ಎ. ಮುಗಿಸಿದವನು. ಬೆಳಗಿನ ಬಸ್ಸಿನಲ್ಲಿ ನನ್ನ ಜೊತೆಗಾರ. ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದ. ಸಂದರ್ಶನಕ್ಕೂ ಕರೆ ಬಂತು. ಅಲ್ಲಿ ಅವನು ಮುಂದಿಟ್ಟ ಪ್ರಾಜೆಕ್ಟು ಒಂದು ಗ್ರಂಥಾಲಯದ ಪುಸ್ತಕಗಳ ಲೆಕ್ಕವಿಡುವ ಪ್ರೋಗ್ರಾಂ. ಮೇಜಿನಾಚೆ ಕುಳಿತವರು ಅದನ್ನು ನೋಡಿ, "ಪುಸ್ತಕದ ಹೆಸರನ್ನು ಅರ್ಧರ್ಧ ಮಾಡಿ ಹುಡುಕುವ ಹಾಗೆ ಬರೆದಿದ್ದೀರಿ. ಹೆಸರುಗಳು ಅಕಾರಾದಿಯಾಗಿ ಇಲ್ಲದಿದ್ದರೆ ಏನಾಗುತ್ತದೆ?" ಎಂದು ಸೌಮ್ಯವಾಗಿಯೇ ಕೇಳಿದರು. ಮಿತ್ರನ ನಾಲಗೆ ಒಣಗಿತು. ಏಕೆಂದರೆ ಆ ಪ್ರಾಜೆಕ್ಟನ್ನು ಅವನು ಬರೆದಿರಲಿಲ್ಲ. ಪೇಟೆಯ ಅಂಗಡಿಯೊಂದರಲ್ಲಿ ಹಣ ಕೊಟ್ಟು ತಂದಿದ್ದ. ಮನೆಯಲ್ಲಿ ಯಂತ್ರವಿಲ್ಲದವನು, ಸಂಜೆಯ ಬಸ್ಸು ತಪ್ಪಿದರೆ ಮನೆ ಸೇರಲಾರದವನು, ಮಾಡಿದ ತಪ್ಪು ಅದು. ಅವನನ್ನು ಹಳಿಯಲು ನನಗೆ ಮನಸ್ಸಿಲ್ಲ. ಆದರೆ ಮರಳಿ ಬಂದು ಅವನು ಆಡಿದ ಮಾತನ್ನು ಮರೆಯಲಾರೆ: "ಮಾರ್ಕ್ ಇತ್ತ್ ಮಾರಾಯಾ, ಮಾತೇ ಇಲ್ಲ."

ಈ ಒಂದು ವಾಕ್ಯದಲ್ಲಿ ನಮ್ಮ ಸಮಸ್ಯೆಯೆಲ್ಲ ಅಡಗಿದೆ ಎಂದು ನನ್ನ ತಿಳಿವಳಿಕೆ. ಬಿ.ಸಿ.ಎ. ಮುಗಿಸಿದವರ ಮುಂದೆ ಎರಡು ದಾರಿಗಳಿವೆ: ಒಂದು ಉದ್ಯೋಗ, ಇನ್ನೊಂದು ಉನ್ನತ ವ್ಯಾಸಂಗ. ಇವೆರಡೂ ಬೇರೆ ಬೇರೆ ದಿಕ್ಕಿನವೆಂದೂ, ಒಂದಕ್ಕೆ ಸಿದ್ಧನಾದವನು ಇನ್ನೊಂದಕ್ಕೆ ಒದಗುವುದಿಲ್ಲವೆಂದೂ ನಮ್ಮಲ್ಲಿ ಒಂದು ಭಾವನೆಯಿದೆ. ಅದು ಎಷ್ಟರಮಟ್ಟಿಗೆ ನಿಜವೆಂಬುದನ್ನು ನೋಡೋಣ.

ಉದ್ಯೋಗದ ದಾರಿಯಲ್ಲಿ ಸಾಮಾನ್ಯವಾಗಿ ಮೂರು ಬಾಗಿಲುಗಳಿವೆ. ಮೊದಲನೆಯದು ಲಿಖಿತ ಪರೀಕ್ಷೆ: ಶೇಕಡಾವಾರು, ಅನುಪಾತ, ಕಾಲ ಮತ್ತು ದೂರದ ಲೆಕ್ಕ, ಸ್ವಲ್ಪ ಇಂಗ್ಲಿಷು. ಇದು ಹೈಸ್ಕೂಲಿನ ಗಣಿತವೇ. ಮರೆತದ್ದನ್ನು ಮತ್ತೆ ತಿದ್ದಿಕೊಳ್ಳಲು ದಿನಕ್ಕೆ ಅರ್ಧ ಗಂಟೆಯಂತೆ ಆರು ತಿಂಗಳು ಧಾರಾಳ. ಎರಡನೆಯದು, ಚಿಕ್ಕದೊಂದು ಪ್ರೋಗ್ರಾಮನ್ನು ಅಲ್ಲಿಯೇ ಕುಳಿತು ಬರೆಯುವುದು. ಮೂರನೆಯದು ಮಾತು. ಟಿ.ಸಿ.ಎಸ್. ಮೊದಲಾದ ದೊಡ್ಡ ಸಂಸ್ಥೆಗಳು ಬಿ.ಸಿ.ಎ., ಬಿ.ಎಸ್ಸಿ. ಪದವೀಧರರನ್ನೂ ಪರೀಕ್ಷಿಸಿ ತೆಗೆದುಕೊಂಡಿವೆ. ಇಂಥ ಪದವೀಧರರಿಗೆ ಕೆಲಸದೊಡನೆಯೇ ಎಂ.ಟೆಕ್. ಓದಿಸುವ ಯೋಜನೆಯನ್ನು ವಿಪ್ರೋ ನಡೆಸಿದೆ. ಬೆಂಗಳೂರೊಂದೇ ಗತಿ ಎಂದೂ ತಿಳಿಯಬೇಕಾಗಿಲ್ಲ. ನಮ್ಮ ಉಡುಪಿಯಲ್ಲಿಯೇ 1996ರಲ್ಲಿ ರೋಬೋಸಾಫ್ಟ್ ಎಂಬ ಸಂಸ್ಥೆ ಹುಟ್ಟಿ, ಪರದೇಶದವರಿಗೂ ತಂತ್ರಾಂಶ ಬರೆದುಕೊಟ್ಟು ಹೆಸರು ಗಳಿಸಿತು.

ಇನ್ನು ಉನ್ನತ ವ್ಯಾಸಂಗ. ಮೊದಲು ಮೂರು ವರ್ಷಗಳಿದ್ದ ಎಂ.ಸಿ.ಎ. 2020-21ರಿಂದ ಹೆಚ್ಚಿನ ಕಡೆಗಳಲ್ಲಿ ಎರಡು ವರ್ಷಗಳದ್ದಾಗಿದೆ. ನಮ್ಮ ರಾಜ್ಯದ ಕಾಲೇಜುಗಳಿಗೆ ಪರೀಕ್ಷಾ ಪ್ರಾಧಿಕಾರವು ಪಿ.ಜಿ.ಸಿ.ಇ.ಟಿ. ನಡೆಸುತ್ತದೆ. ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ ಎಂ.ಸಿ.ಎ.ಗೆ ನಿಮ್‌ಸೆಟ್ ಎಂಬ ಪ್ರವೇಶ ಪರೀಕ್ಷೆಯುಂಟು. ಅದರ 120 ಪ್ರಶ್ನೆಗಳಲ್ಲಿ 50 ಗಣಿತದವು, ಗಣಕದ ಬಗ್ಗೆ ನೇರವಾಗಿ ಕೇಳುವವು 20 ಮಾತ್ರ! ಎಂ.ಟೆಕ್. ಮತ್ತು ಸಂಶೋಧನೆಯ ಕಡೆಗೆ ಹೋಗುವವರಿಗೆ ಗೇಟ್ ಪರೀಕ್ಷೆ: ಮೂರು ಗಂಟೆ, 65 ಪ್ರಶ್ನೆ, 100 ಅಂಕ. ಪದವಿಯ ಮೂರನೆಯ ವರ್ಷದಲ್ಲಿರುವಾಗಲೇ ಅದಕ್ಕೆ ಕುಳಿತುಕೊಳ್ಳಬಹುದು. ಗಣಿತದ ಹಿನ್ನೆಲೆಯುಳ್ಳ ಬಿ.ಎ., ಬಿ.ಕಾಂ. ಪದವೀಧರರೂ ಎಂ.ಸಿ.ಎ.ಗೆ ಅರ್ಹರಾಗುವುದುಂಟೆಂಬ ಸಂಗತಿ ನನ್ನ ಸಹಪಾಠಿಗಳಿಗೆ ಹೊಸತಾಗಿ ಕಾಣಬಹುದು. ಆಯಾ ವರ್ಷದ ಪ್ರಕಟಣೆಯನ್ನು ತಾವೇ ಓದಿ ನಿಬಂಧನೆಗಳನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಈಗ ಎರಡೂ ದಾರಿಗಳನ್ನು ಹೋಲಿಸಿ ನೋಡಿ. ಉದ್ಯೋಗ ಕೊಡುವವನು ಕೇಳುವುದೂ, ಪ್ರವೇಶ ಪರೀಕ್ಷೆ ಅಳೆಯುವುದೂ ಕೊನೆಗೆ ಒಂದೇ: "ಇದು ಹೀಗೇಕೆ?" ಎಂಬುದಕ್ಕೆ ಸ್ವಂತ ಉತ್ತರ. ಮಿತ್ರನನ್ನು ಸೋಲಿಸಿದ ಆ ಪ್ರಶ್ನೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಸಾವಿರ ಪುಟಗಳ ಒಂದು ಶಬ್ದಕೋಶವಿದೆಯೆನ್ನಿ. ಒಂದು ಶಬ್ದವನ್ನು ಹುಡುಕಬೇಕು. ಮೊದಲ ಪುಟದಿಂದ ಹೊರಟರೆ ಸಾವಿರ ಪುಟಗಳನ್ನೂ ಮಗುಚಬೇಕಾಗಿ ಬರಬಹುದು. ಅದರ ಬದಲು ನಡುವಿನ ಪುಟವನ್ನು ತೆರೆಯಿರಿ. ಬೇಕಾದ ಶಬ್ದ ಅದಕ್ಕಿಂತ ಮುಂದಿದ್ದರೆ ಹಿಂದಿನ ಅರ್ಧವನ್ನು ನೋಡುವ ಅಗತ್ಯವೇ ಇಲ್ಲ. ಉಳಿದ 500 ಪುಟಗಳ ನಡುವನ್ನು ತೆರೆದರೆ 250, ಮತ್ತೆ ತೆರೆದರೆ 125. ಹೀಗೆ ಹೆಚ್ಚೆಂದರೆ ಹತ್ತು ಸಲ ತೆರೆಯುವಷ್ಟರಲ್ಲಿ ಪುಟ ಸಿಕ್ಕೇ ಸಿಗುತ್ತದೆ. ಪುಟಗಳು ಹತ್ತು ಲಕ್ಷವಾದರೂ ಇಪ್ಪತ್ತು ಸಲ ಸಾಕು. ಪುಟಗಳು ಸಾವಿರ ಪಟ್ಟು ಹೆಚ್ಚಿದರೂ ಶ್ರಮ ಎರಡು ಪಟ್ಟು ಮಾತ್ರ ಹೆಚ್ಚಿತು! ಆದರೆ ಈ ಚಮತ್ಕಾರವೆಲ್ಲ ನಿಂತಿರುವುದು ಶಬ್ದಗಳು ಅಕಾರಾದಿಯಾಗಿ ಇವೆ ಎಂಬ ಒಂದೇ ಆಧಾರದ ಮೇಲೆ. ಈ ಆಧಾರವನ್ನು ಬಲ್ಲವನು ಸಂದರ್ಶನದಲ್ಲಿಯೂ ಗೆಲ್ಲುತ್ತಾನೆ, ಪ್ರವೇಶ ಪರೀಕ್ಷೆಯಲ್ಲಿಯೂ ಗೆಲ್ಲುತ್ತಾನೆ. ಪ್ರೋಗ್ರಾಮನ್ನು ಕಂಠಪಾಠ ಮಾಡಿದವನು ಎರಡು ಕಡೆಯೂ ಸೋಲುತ್ತಾನೆ.

ನಮ್ಮ ಸೀಮೆಯವರಿಗೆ ಇದನ್ನು ತಾಳಮದ್ದಳೆಯ ಮೂಲಕ ಹೇಳಿದರೆ ಬೇಗ ಹಿಡಿಸೀತು. ಪ್ರಸಂಗದ ಪದ್ಯಗಳು ಎಲ್ಲರಿಗೂ ಒಂದೇ. ಆದರೆ ಎದುರಿನ ಅರ್ಥಧಾರಿ ಯಾವ ಪ್ರಶ್ನೆ ಹಾಕುತ್ತಾನೆಂದು ಮೊದಲೇ ತಿಳಿಯದು. ಪಾತ್ರವನ್ನು ಅರಿತವನು ಅಲ್ಲಿಯೇ ಉತ್ತರ ಹುಟ್ಟಿಸುತ್ತಾನೆ. ಉರುಹೊಡೆದು ಬಂದವನು ಭಾಗವತರ ಮುಖ ನೋಡುತ್ತಾನೆ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಕೇಳಿದ ಪ್ರೋಗ್ರಾಮನ್ನು ಯಂತ್ರವೇ ಬರೆದುಕೊಡುತ್ತದೆ. ಅಂಗಡಿಗೆ ಹೋಗುವ ಕಷ್ಟವೂ ತಪ್ಪಿತು. ಆದುದರಿಂದ ಅರ್ಥ ಹೇಳಬಲ್ಲವನ ಬೆಲೆ ಇನ್ನೂ ಏರಿತೇ ಹೊರತು ಇಳಿಯಲಿಲ್ಲ.

"ಅರ್ಥವೇನೋ ಗೊತ್ತು, ಇಂಗ್ಲಿಷು ಬಾರದು" ಎನ್ನುವವರು ನಮ್ಮಲ್ಲಿ ಅನೇಕರಿದ್ದಾರೆ, ನಾನೂ ಅವರಲ್ಲೊಬ್ಬ. ಇಂಗ್ಲಿಷು ಬೇಕು, ಸಂದೇಹವಿಲ್ಲ. ಆದರೆ ಅರಿವು ಮೊದಲು, ಭಾಷೆ ಆಮೇಲೆ. ಒಂದು ವಿಷಯವನ್ನು ಮೊದಲು ಕನ್ನಡದಲ್ಲಿ ಗೆಳೆಯನಿಗೆ ವಿವರಿಸಿ, ಅನಂತರ ಅದನ್ನೇ ಹತ್ತು ಸರಳ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳುವ ಅಭ್ಯಾಸವಾದರೆ ಹೆದರಿಕೆ ತಾನಾಗಿ ಕರಗುತ್ತದೆ. ಕನ್ನಡ ಬಲ್ಲವನಿಗೆ ಗಣಕ ದೂರವೆಂದು ಯಾರೂ ಹೇಳುವಂತಿಲ್ಲ. ಇದೇ ಕರಾವಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರು, ವ್ಯಂಜನಕ್ಕೆ ಸ್ವರ ಸೇರಿ ಅಕ್ಷರವಾಗುವ ನಮ್ಮ ಕಾಗುಣಿತದ ಮರ್ಮವನ್ನೇ ಹಿಡಿದು ಕನ್ನಡದ ಕೀಲಿಮಣೆಯನ್ನು ರೂಪಿಸಿದರು. ಅಲ್ಲಿ ಭಾಷೆಯ ಅರಿವೇ ಯಂತ್ರದ ಅರಿವಾಯಿತು.

ಹಾಗಾದರೆ ಮಾಡಬೇಕಾದುದೇನು? ನನಗೆ ತೋಚಿದ ಮೂರು ಮಾತುಗಳನ್ನು ಹಿರಿಯರ ಮುಂದಿಡುತ್ತೇನೆ. ಒಂದು: ವಾರಕ್ಕೊಂದು ಗಂಟೆ, ಒಬ್ಬ ವಿದ್ಯಾರ್ಥಿ ತಾನು ಬರೆದ ಇಪ್ಪತ್ತು ಸಾಲಿನ ಪ್ರೋಗ್ರಾಮನ್ನು ಕರಿಹಲಗೆಯ ಮೇಲೆ ವಿವರಿಸಲಿ, ಉಳಿದವರು "ಏಕೆ?" ಎಂದು ಕೇಳಲಿ. ಎರಡು: ಪ್ರಾಜೆಕ್ಟಿನ ವಿಷಯ ಊರಿನದಾಗಿರಲಿ. ಹಾಲಿನ ಸೊಸೈಟಿಯ ದಿನದ ಲೆಕ್ಕವನ್ನೋ ಬಸ್ಸಿನ ವೇಳಾಪಟ್ಟಿಯನ್ನೋ ತೆಗೆದುಕೊಂಡರೆ ಅದು ಅಂಗಡಿಯಲ್ಲಿ ಸಿಗುವುದಿಲ್ಲ. ಆಗ ಮೂರನೆಯ ವರ್ಷದ ಬಿ.ಎ. ವಿದ್ಯಾರ್ಥಿಯೂ ಜೊತೆಗೂಡಿ ಲೆಕ್ಕ ಕಲೆಹಾಕಬಹುದು. ಮೂರು: ಪಠ್ಯದಲ್ಲಿಲ್ಲದ ಉಪಕರಣಗಳನ್ನು ಹಿರಿಯ ವಿದ್ಯಾರ್ಥಿಗಳೇ ಕಿರಿಯರಿಗೆ ಕಲಿಸಲಿ. ಅಮೆರಿಕದ ಎಂ.ಐ.ಟಿ.ಯಂಥ ವಿದ್ಯಾಲಯದಲ್ಲಿಯೂ ಇವು ತರಗತಿಯಲ್ಲಿ ಸಿಗುತ್ತಿಲ್ಲವೆಂದು ಕಂಡು, ಅಲ್ಲಿನ ವಿದ್ಯಾರ್ಥಿಗಳೇ 2020ರಲ್ಲಿ 'ತಪ್ಪಿಹೋದ ಸೆಮಿಸ್ಟರ್' ಎಂಬರ್ಥದ ಹೆಸರಿಟ್ಟು ಪಾಠ ನಡೆಸಿದರು. ಆ ಪಾಠಗಳು ಯಾರಿಗೂ ಉಚಿತ. ನಮ್ಮ ದೇಶದ ಐ.ಐ.ಟಿ.ಗಳೂ ಬೆಂಗಳೂರಿನ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್.ಪಿ.ಟಿ.ಇ.ಎಲ್. ಪಾಠಗಳನ್ನು ಕೇಳುವುದಕ್ಕೂ ಹಣ ಬೇಕಿಲ್ಲ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಮನೆಯಲ್ಲಿ ಯಂತ್ರವಿಲ್ಲದವರಿಗಾಗಿ ಪ್ರಯೋಗಶಾಲೆಯನ್ನು ಸಂಜೆಯ ಕೊನೆಯ ಬಸ್ಸಿನವರೆಗೆ ತೆರೆದಿಡಲು ಸಾಧ್ಯವಾದರೆ ಈ ಮೂರೂ ನಡೆದಾವು.

ನನ್ನ ಮಿತ್ರ ಈಗ ಉಡುಪಿಯ ಒಂದು ಲೆಕ್ಕಪತ್ರದ ಕಚೇರಿಯಲ್ಲಿ ದುಡಿಯುತ್ತಾನೆ. ರಾತ್ರಿ ಊಟವಾದ ಮೇಲೆ ಮೊದಲಿನಿಂದ ಪುಸ್ತಕ ತೆರೆದು, ಆ ಗ್ರಂಥಾಲಯದ ಪ್ರೋಗ್ರಾಮನ್ನು ತಾನೇ ಬರೆಯುತ್ತಿದ್ದಾನೆ. ಮುಂದಿನ ವರ್ಷ ಪಿ.ಜಿ.ಸಿ.ಇ.ಟಿ. ಬರೆಯುವ ಹಂಬಲ ಅವನಿಗಿದೆ.

ಮೊನ್ನೆ ರಾತ್ರಿ ನನ್ನ ತಂಗಿ ಶಬ್ದಕೋಶವನ್ನು ಮುಂದಿಟ್ಟುಕೊಂಡು, ಮೇಲೆ ಹೇಳಿದ ಅರ್ಧರ್ಧ ಮಾಡುವ ಕ್ರಮವನ್ನು ಅಪ್ಪಯ್ಯನಿಗೆ ತೋರಿಸಿದಳು. ಅವರು ಕನ್ನಡಕ ಸರಿಪಡಿಸಿಕೊಂಡು ಎಲ್ಲವನ್ನೂ ನೋಡಿದರು. ಬಳಿಕ ಬೈಂಡು ಕಿತ್ತುಹೋದ ಆ ಹಳೆಯ ಪುಸ್ತಕವನ್ನು ಕೈಗೆತ್ತಿಕೊಂಡು ಕೇಳಿದರು: "ಹಾಳೆ ಎಲ್ಲಾ ಹಿಂದ್ ಮುಂದ್ ಆರೆ ಎಂತ ಮಾಡುದ್?"

ಸಂದರ್ಶನದಲ್ಲಿ ಮಿತ್ರನನ್ನು ಕೇಳಿದ ಪ್ರಶ್ನೆಯೇ ಅದು! ನಾನು ಬೆರಗಾಗಿ ತಂಗಿಯ ಮುಖ ನೋಡಿದೆ. ಅವಳು ಒಂದು ಗಳಿಗೆ ಯೋಚಿಸಿದಳು. "ಒಂದೇ ಶಬ್ದ ಬೇಕಾರೆ ಮೊದ್ಲಿಂದ ಒಂದೊಂದೇ ಹಾಳೆ ಕಾಂಬುದ್, ಅಪ್ಪಯ್ಯಾ. ದಿನಾ ಬೇಕಾರೆ ಒಂದ್ ಸಲ ಜೋಡ್ಸಿ ಇಡುದ್" ಎಂದಳು.

ಅಪ್ಪಯ್ಯ ತಲೆಯಾಡಿಸಿ, ಸಡಿಲವಾಗಿದ್ದ ಹಾಳೆಗಳನ್ನು ಒಂದೊಂದಾಗಿ ಜೋಡಿಸತೊಡಗಿದರು.