ಹೊಸ ಪ್ರಧಾನಿಯ ಕಾರ್ಯಕ್ರಮ: ಒಣಭೂಮಿ ರೈತ ಓದುವುದು ಹೇಗೆ?

ದಿಲ್ಲಿಯಲ್ಲಿ ಹೊಸ ಪ್ರಧಾನಿ ಬಂದರೆ ಸ್ವಲ್ಪ ದಿನದಲ್ಲೇ ಒಂದು ಕಾರ್ಯಕ್ರಮದ ಪಟ್ಟಿ ಹೊರಗೆ ಬರುತ್ತದೆ. ಪೇಪರಿನಲ್ಲಿ ದಪ್ಪ ಅಕ್ಷರ, ಕೋಟಿ ಕೋಟಿ ರೂಪಾಯಿ. ಊರ ಕಟ್ಟೆ ಮೇಲೆ ಕೂತು ಅದನ್ನು ಓದಿಸಿಕೊಂಡವರಲ್ಲಿ ಒಬ್ಬರು "ಇನ್ನ ನಮ್ ಕಷ್ಟ ತೀರ್ತು ಬಿಡು" ಅಂತಾರೆ. ಇನ್ನೊಬ್ಬರು "ಎಲ್ಲಾ ಸುಳ್ಳು, ನಮಗೇನ್ ಬರ್ತತಿ" ಅಂತ ಬೀಡಿ ಹಚ್ಚುತ್ತಾರೆ. ಇಬ್ಬರೂ ಪೂರ್ತಿ ಓದಿರುವುದಿಲ್ಲ. ಬೀಜದ ಚೀಲದ ಚೀಟಿ ನೋಡುವಾಗ ಯಾವ ನೆಲಕ್ಕೆ, ಯಾವ ಹಂಗಾಮಿಗೆ, ಎಷ್ಟು ದಿನದ ಬೆಳೆ ಅಂತ ನೋಡುತ್ತೇವಲ್ಲ, ಇದನ್ನೂ ಹಾಗೇ ನೋಡಬೇಕು.

ನಾನು ಓದಿದ್ದು ಏಳನೇ ಕ್ಲಾಸು. ಕೂಡ್ಲಿಗಿ ಸೀಮೆಯ ಒಣ ಬೇಸಾಯ ನನ್ನದು. ಶೇಂಗಾ, ಜೋಳ, ನವಣೆ, ಜೊತೆಗೆ ನಾಲ್ಕು ಕುರಿ. ಹಾಗಾಗಿ ಇಲ್ಲಿ ಬರೆದಿರುವುದು ಮಳೆ ನಂಬಿದವರ ಲೆಕ್ಕ. ಉದಾಹರಣೆಗೆ 1996ನೇ ಇಸವಿ ಹಿಡಿದಿದ್ದೇನೆ. ಆ ವರ್ಷ ಪ್ರಧಾನಿ ಆದವರು ನಮ್ಮ ರಾಜ್ಯದವರು, ಹೊಳೆನರಸೀಪುರ ತಾಲೂಕಿನ ಹರದನಹಳ್ಳಿಯ ರೈತರ ಮನೆಯಿಂದ ಬಂದವರು. ಈಗ ಸುಮಾರು ಮೂವತ್ತು ವರ್ಷ ಕಳೆದಿರುವುದರಿಂದ ಬಂದದ್ದೇನು, ಬಾರದ್ದೇನು ಅಂತ ಸಮಾಧಾನವಾಗಿ ನೋಡಬಹುದು.

ಒಂದು ಮುಂಗಾರು, ಒಂದು ಹಿಂಗಾರು

ಎಚ್.ಡಿ. ದೇವೇಗೌಡರು ಪ್ರಮಾಣ ವಚನ ತಗೊಂಡದ್ದು 1996ರ ಜೂನ್ 1ಕ್ಕೆ. 13 ಪಕ್ಷಗಳ ಸಂಯುಕ್ತ ರಂಗ, ಹೊರಗಿನಿಂದ ಕಾಂಗ್ರೆಸ್ ಬೆಂಬಲ. ಇಷ್ಟು ಜನ ಒಟ್ಟಿಗೆ ಒಪ್ಪಿದ ಮಾತುಗಳನ್ನು 'ಕನಿಷ್ಠ ಸಾಮಾನ್ಯ ಕಾರ್ಯಕ್ರಮ' ಅಂತ ಬರೆದರು. ಐದು ವರ್ಷದಲ್ಲಿ ಕೃಷಿ ಸಾಲ ಎರಡು ಪಟ್ಟು ಮಾಡುತ್ತೇವೆ ಅನ್ನುವ ಮಾತೂ ಅದರಲ್ಲಿ ಇತ್ತು. ಜುಲೈನಲ್ಲಿ ಪಿ. ಚಿದಂಬರಂ ಬಜೆಟ್ ಮಂಡಿಸಿದರು. 1997ರ ಏಪ್ರಿಲ್ 11ಕ್ಕೆ ಲೋಕಸಭೆಯಲ್ಲಿ ಸರ್ಕಾರ ಬಿತ್ತು. ಲೆಕ್ಕ ಹಾಕಿದರೆ ಒಂದು ಮುಂಗಾರು, ಒಂದು ಹಿಂಗಾರು, ಅಷ್ಟೇ. ಐದು ವರ್ಷದ ಮಾತು ಕೊಟ್ಟವರು ಐದು ವರ್ಷ ಇರುತ್ತಾರೆ ಅಂತ ಏನೂ ಇಲ್ಲ. ಆದರೆ ಅವರು ಶುರು ಮಾಡಿದ ಕೆಲಸಗಳಲ್ಲಿ ಕೆಲವು ಅವರ ನಂತರವೂ ಬಹಳ ವರ್ಷ ನಡೆದವು. ಮುಖ್ಯವಾದದ್ದು ನೀರಾವರಿಯದು.

ಅರ್ಧ ಕಾಲುವೆಗೆ ದುಡ್ಡು

ಅದರ ಹೆಸರು ತ್ವರಿತ ನೀರಾವರಿ ಲಾಭ ಕಾರ್ಯಕ್ರಮ. 1996-97ರ ಬಜೆಟ್ಟಿನಲ್ಲಿ 900 ಕೋಟಿ ರೂಪಾಯಿ ಇಟ್ಟರು. ಹೆಸರು ಕೇಳಿದರೆ ನೀರಿಲ್ಲದ ತಾಲೂಕಿಗೆ ನೀರು ತರುವ ಕೆಲಸ ಅನ್ನಿಸುತ್ತದೆ. ಒಳಗಿನ ನಿಯಮ ಬೇರೆ. ಈಗಾಗಲೇ ಶುರುವಾಗಿ, ದುಡ್ಡಿಲ್ಲದೆ ನಿಂತ ದೊಡ್ಡ ಯೋಜನೆಗಳನ್ನು ಮುಗಿಸುವುದಕ್ಕೆ ಮಾತ್ರ ಈ ಹಣ. ಅದೂ ಶುರುವಿಗೆ ಕೇಂದ್ರ ಕೊಟ್ಟದ್ದು ಸಾಲ. ರಾಜ್ಯವೂ ಸಮಪಾಲು ಹಾಕಬೇಕಿತ್ತು.

ಕರ್ನಾಟಕದಿಂದ ಕೃಷ್ಣಾ ಮೇಲ್ದಂಡೆ ಯೋಜನೆ ಮೊದಲ ಹಂತ, ಮಲಪ್ರಭಾ ಇವೆಲ್ಲ ಆ ಪಟ್ಟಿಗೆ ಸೇರಿದವು. ಕೃಷ್ಣೆಯ ಕೆಲಸಕ್ಕೆ ಅವಸರವೂ ಇತ್ತು. ಬಚಾವತ್ ನ್ಯಾಯಮಂಡಳಿ ಹಂಚಿಕೆಯನ್ನು 2000ನೇ ಇಸವಿ ಮೇ 31ರ ನಂತರ ಮತ್ತೆ ಪರಿಶೀಲಿಸಬಹುದಿತ್ತು. ಅಷ್ಟರೊಳಗೆ ನಮ್ಮ ಪಾಲಿನ ನೀರು ಬಳಸುವ ವ್ಯವಸ್ಥೆ ಆಗದಿದ್ದರೆ ಕಷ್ಟ ಅನ್ನುವ ಆತಂಕ ಎಲ್ಲರಿಗೂ ಇತ್ತು.

ಈಗ ನಮ್ಮ ಕಡೆ ನೋಡಿ. ತುಂಗಭದ್ರಾ ಡ್ಯಾಮು ನಮ್ಮ ನೆರೆಯ ಹೊಸಪೇಟೆಯಲ್ಲೇ ಇದೆ. ಆದರೆ ಕೂಡ್ಲಿಗಿಯ ನೆಲ ಆ ನೀರಿನ ಮಟ್ಟಕ್ಕಿಂತ ಎತ್ತರದಲ್ಲಿದೆ. ನೀರು ತಾನಾಗಿ ಏರಿ ಬರುವುದಿಲ್ಲ, ಮೋಟಾರು ಹಚ್ಚಿ ಎತ್ತಬೇಕು. 1996ರಲ್ಲಿ ನಮ್ಮ ತಾಲೂಕಿನಲ್ಲಿ ಅರ್ಧಕ್ಕೆ ನಿಂತ ದೊಡ್ಡ ಕಾಲುವೆ ಇರಲಿಲ್ಲ. ಶುರುವೇ ಆಗದ್ದನ್ನು ಮುಗಿಸುವುದು ಹೇಗೆ? ಆದ್ದರಿಂದ ರೈತನ ಮಗ ಪ್ರಧಾನಿ ಆದರೂ ಆ 900 ಕೋಟಿಯಲ್ಲಿ ನಮ್ಮ ತಾಲೂಕಿಗೆ ಬಾಗಿಲೇ ಇರಲಿಲ್ಲ.

ಇದು ಅನ್ಯಾಯ ಅಂತ ನಾನು ಹೇಳುವುದಿಲ್ಲ. ಅರ್ಧ ಕಟ್ಟಿದ ಗೋಡೆ ಮಳೆಗೆ ಕುಸಿಯುವುದಕ್ಕಿಂತ ಅದನ್ನು ಮುಗಿಸುವುದೇ ವಾಸಿ. ಆದರೆ 'ಚಾಲ್ತಿಯಲ್ಲಿರುವ', 'ಬಾಕಿ ಇರುವ' ಅನ್ನುವ ಶಬ್ದ ಕಂಡ ಕಡೆ ಒಣಭೂಮಿಯವರು ಸ್ವಲ್ಪ ನಿಂತು ಓದಬೇಕು. ಅಂಥ ಕಡೆ ದುಡ್ಡು ಹೋಗುವುದು ಮೊದಲೇ ಕಡತ ಇದ್ದವರಿಗೆ.

ವಿಚಿತ್ರ ಅಂದರೆ, ನಮ್ಮ ಹೊಲಕ್ಕೆ ಹತ್ತಿರದ ಕೆಲಸ ಇದ್ದದ್ದು ಹಿಂದಿನ ಸರ್ಕಾರದ ಕಾಲದ ಒಂದು ಯೋಜನೆಯಲ್ಲಿ. ಬಳ್ಳಾರಿ ಜಿಲ್ಲೆ 1995-96ರಿಂದ ಮರುಭೂಮಿ ಅಭಿವೃದ್ಧಿ ಕಾರ್ಯಕ್ರಮದ ಪಟ್ಟಿಯಲ್ಲಿತ್ತು. (ಮರುಭೂಮಿ ಅಂದರೆ ಒಂಟೆ ಎಲ್ಲಿ ಅಂತ ಕೇಳಬೇಡಿ. ಕುರಿ ಇವೆ.) ಸುಮಾರು 500 ಹೆಕ್ಟೇರಿಗೆ ಒಂದು ಜಲಾನಯನ, ಊರವರದೇ ಸಮಿತಿ, ಬದು, ಒಡ್ಡು, ಗೋಕಟ್ಟೆ. ಬಿದ್ದ ಮಳೆಯನ್ನು ಹೊಲದಲ್ಲೇ ನಿಲ್ಲಿಸುವ ಕೆಲಸ. ಇದು ಯಾವ ಪೇಪರಿನಲ್ಲೂ ದಪ್ಪ ಅಕ್ಷರದಲ್ಲಿ ಬರುವಂಥದ್ದಲ್ಲ. ಹೊಸ ಪ್ರಧಾನಿಯ ಪಟ್ಟಿ ನೋಡುವಾಗ, ಹಳೆಯ ಯಾವುದನ್ನು ಮುಂದುವರಿಸಿದ್ದಾರೆ, ಯಾವುದಕ್ಕೆ ದುಡ್ಡು ಕಡಿಮೆ ಮಾಡಿದ್ದಾರೆ ಅಂತಲೂ ನೋಡಬೇಕು ಅನ್ನುವುದು ಅದಕ್ಕೇ.

ಗೊಬ್ಬರದ ಚೀಲದ ಲೆಕ್ಕ

1992ರ ಆಗಸ್ಟಿನಲ್ಲಿ ಡಿ.ಎ.ಪಿ., ಪೊಟ್ಯಾಷ್ ಗೊಬ್ಬರಗಳ ಬೆಲೆ ನಿಯಂತ್ರಣ ತೆಗೆದರು, ಬೆಲೆ ಏರಿತು. ದೇವೇಗೌಡರ ಸರ್ಕಾರ 1996ರ ಜುಲೈನಲ್ಲಿ ದೇಶದೊಳಗೆ ತಯಾರಾದ ಡಿ.ಎ.ಪಿ.ಗೆ ಕೊಡುವ ರಿಯಾಯಿತಿಯನ್ನು ಟನ್ನಿಗೆ 1000 ರೂಪಾಯಿಯಿಂದ 3000ಕ್ಕೆ ಏರಿಸಿತು. ಟನ್ನಿಗೆ 50 ಕಿಲೋದ 20 ಚೀಲ. ಅಂದರೆ ಚೀಲಕ್ಕೆ 50 ರೂಪಾಯಿ ಇದ್ದದ್ದು 150 ಆಯಿತು. ಚೀಲಕ್ಕೆ 100 ರೂಪಾಯಿ ಹೆಚ್ಚಿನ ಸಹಾಯ. ಶೇಂಗಾ ಹಾಕುವವರಿಗೂ ಇದು ಉಪಯೋಗಕ್ಕೆ ಬಂತು, ಇಲ್ಲ ಅನ್ನಲಾರೆ.

ಈಗ ಇನ್ನೊಂದು ಮಗ್ಗುಲಿನಿಂದ ಲೆಕ್ಕ ಮಾಡಿ. ಸಹಾಯ ಚೀಲದ ಹಿಂದೆ ಹೋಗುತ್ತದೆ, ರೈತನ ಹಿಂದೆ ಅಲ್ಲ. ಮಳೆ ನೋಡಿಕೊಂಡು ವರ್ಷಕ್ಕೆ ಎರಡು ಚೀಲ ತರುವವನಿಗೆ ಹೆಚ್ಚುವರಿ ಸಿಕ್ಕದ್ದು 200 ರೂಪಾಯಿ. ಕಾಲುವೆ ಕೆಳಗೆ ಎರಡು ಬೆಳೆ ತೆಗೆದು ಇಪ್ಪತ್ತು ಚೀಲ ತರುವವನಿಗೆ 2000. ಕೊಟ್ಟಿಗೆ ಗೊಬ್ಬರ, ಕುರಿ ಮಂದೆ ನಿಲ್ಲಿಸಿ ಬೇಸಾಯ ಮಾಡುವವನಿಗೆ ಸೊನ್ನೆ. ಯಾವುದೇ ಸಹಾಯ ಘೋಷಣೆ ಆದಾಗ ಅದು ಏನನ್ನು ಹಿಂಬಾಲಿಸುತ್ತದೆ ಅಂತ ಕೇಳಿಕೊಳ್ಳಿ: ಚೀಲವನ್ನೋ, ಎಕರೆಯನ್ನೋ, ಕರೆಂಟ್ ಮೀಟರನ್ನೋ, ಮನೆಯ ತಲೆ ಲೆಕ್ಕವನ್ನೋ.

ಸಂಖ್ಯೆ ಮೇಲಿಂದ, ಹೆಸರು ಕೆಳಗಿಂದ

1996ರ ಜುಲೈನಲ್ಲೇ ಮುಖ್ಯಮಂತ್ರಿಗಳ ಸಭೆ ಸೇರಿಸಿ ಏಳು ಕನಿಷ್ಠ ಸೇವೆಗಳನ್ನು ಗೊತ್ತು ಮಾಡಿದರು. ಕುಡಿಯುವ ನೀರು, ಪ್ರಾಥಮಿಕ ಆರೋಗ್ಯ, ಪ್ರಾಥಮಿಕ ಶಾಲೆ, ಬಡವರಿಗೆ ಮನೆ, ಮಕ್ಕಳಿಗೆ ಮಧ್ಯಾಹ್ನದ ಊಟ, ಹಳ್ಳಿಗೆ ರಸ್ತೆ, ಬಡವರಿಗೆ ರೇಷನ್. ಇವು ಒಣಭೂಮಿ, ನೀರಾವರಿ ಅನ್ನದೆ ಎಲ್ಲರಿಗೂ ಬೇಕಾದವು. ನನ್ನ ಅಭಿಪ್ರಾಯದಲ್ಲಿ ಆ ಸರ್ಕಾರದ ಪಟ್ಟಿಯಲ್ಲಿ ನಮ್ಮಂಥವರಿಗೆ ಹತ್ತಿರದ ಭಾಗ ಇದೇ.

ರೇಷನ್ನಿನದು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ಬಡತನ ರೇಖೆಗಿಂತ ಕೆಳಗಿನ ಮನೆಗೆ ತಿಂಗಳಿಗೆ 10 ಕಿಲೋ ಧಾನ್ಯ ಕಡಿಮೆ ಬೆಲೆಗೆ ಕೊಡುವ ಪದ್ಧತಿ 1997ರ ಜೂನ್‌ನಲ್ಲಿ ಶುರುವಾಯಿತು. ಆಗ ಪ್ರಧಾನಿ ಐ.ಕೆ. ಗುಜ್ರಾಲ್. ಒಬ್ಬರು ಬಿತ್ತಿದ್ದು, ಇನ್ನೊಬ್ಬರ ಕಾಲಕ್ಕೆ ತೆನೆ. ಯಾವ ರಾಜ್ಯದಲ್ಲಿ ಎಷ್ಟು ಬಡವರು ಅನ್ನುವ ಸಂಖ್ಯೆಯನ್ನು ಯೋಜನಾ ಆಯೋಗ 1993-94ರ ಅಂದಾಜಿನಿಂದ ಮೊದಲೇ ನಿಗದಿ ಮಾಡಿತ್ತು. ಹಳ್ಳಿಯಲ್ಲಿ ಗುರುತಿಸುವುದು ಹೆಸರು ಮಾತ್ರ. ಬುಟ್ಟಿ ಎಷ್ಟು ದೊಡ್ಡದು ಅಂತ ಮೇಲೆ ತೀರ್ಮಾನ ಆಗಿತ್ತು, ಯಾವ ಕಾಯಿ ಒಳಗೆ, ಯಾವುದು ಹೊರಗೆ ಅಂತ ಆರಿಸುವುದು ಕೆಳಗೆ. "ನಮ್ಮೂರಾಗೆ ಇನ್ನೂ ಬಡವರು ಅದಾರೆ ಸ್ವಾಮಿ" ಅಂತ ಅಧಿಕಾರಿಗೆ ಹೇಳಿದರೆ ಅವರ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಊರಲ್ಲಿ ಅಣ್ಣ ತಮ್ಮಂದಿರು ಕಾರ್ಡಿಗಾಗಿ ಮಾತು ಬಿಟ್ಟದ್ದಕ್ಕೆ ಅರ್ಧ ಕಾರಣ ದಿಲ್ಲಿಯ ಆ ಸಂಖ್ಯೆ.

ಹರಪನಹಳ್ಳಿಗೆ ಮೊದಲು, ಕೂಡ್ಲಿಗಿಗೆ ಆಮೇಲೆ

2004ರಲ್ಲಿ ಮನಮೋಹನ ಸಿಂಗ್ ಪ್ರಧಾನಿ ಆದಾಗಲೂ ಒಂದು ಸಾಮಾನ್ಯ ಕಾರ್ಯಕ್ರಮ ಬರೆದರು. ಅದರಿಂದ 2005ರಲ್ಲಿ ಉದ್ಯೋಗ ಖಾತ್ರಿ ಕಾಯ್ದೆ ಬಂತು, ಮನೆಗೆ ವರ್ಷಕ್ಕೆ 100 ದಿನ ಕೂಲಿ. 2006ರ ಫೆಬ್ರವರಿಯಲ್ಲಿ ದೇಶದ 200 ಜಿಲ್ಲೆಗಳಲ್ಲಿ ಶುರು. ಕರ್ನಾಟಕದ ಐದು ಜಿಲ್ಲೆ: ಬೀದರ್, ಗುಲ್ಬರ್ಗಾ, ರಾಯಚೂರು, ದಾವಣಗೆರೆ, ಚಿತ್ರದುರ್ಗ.

ಹರಪನಹಳ್ಳಿ ತಾಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಸೇರಿತ್ತು. ಹಾಗಾಗಿ ಅವರಿಗೆ 2006ರಲ್ಲೇ ಬಂತು. ಪಕ್ಕದ ಕೂಡ್ಲಿಗಿ, ಕೊಟ್ಟೂರು, ಹಡಗಲಿ ಬಳ್ಳಾರಿ ಜಿಲ್ಲೆ ಆಗಿದ್ದರಿಂದ ನಮಗೆ 2007ರಲ್ಲಿ. ಅದೇ ಮಸಾರಿ ನೆಲ, ಅದೇ ಮಳೆ, ಬಸ್ಸಿನಲ್ಲಿ ಒಂದೆರಡು ತಾಸಿನ ದಾರಿ. ಬೇರೆ ಇದ್ದದ್ದು ಜಿಲ್ಲೆಯ ಹೆಸರು ಮಾತ್ರ. ಈಗ ಎಲ್ಲರೂ 2021ರಲ್ಲಿ ಆದ ವಿಜಯನಗರ ಜಿಲ್ಲೆಯಲ್ಲಿ ಮತ್ತೆ ಒಟ್ಟಿಗಿದ್ದೇವೆ. ಒಂದು ವರ್ಷ ತಡವಾದರೂ ನಮಗೆ ಅದು ಬಂದೇ ಬಂತು. ಕಾಯ್ದೆ ಆಗಿದ್ದರಿಂದ ದೇಶದ ಉಳಿದ ಜಿಲ್ಲೆಗೂ 2008ರೊಳಗೆ ಹೋಯಿತು. ಬರೀ ಯೋಜನೆಯಾದರೆ ಬಜೆಟ್ ಹಣ ಇರುವ ತನಕ. ಕಾಯ್ದೆಯಾದರೆ ಅದನ್ನು ತೆಗೆಯುವುದಕ್ಕೂ ಪಾರ್ಲಿಮೆಂಟಿಗೆ ಹೋಗಬೇಕು.

ತಾರೀಕು ಮತ್ತು ಪಹಣಿ

ವಿ.ಪಿ. ಸಿಂಗ್ ಸರ್ಕಾರ 1990ರಲ್ಲಿ 10,000 ರೂಪಾಯಿವರೆಗಿನ ಸಾಲಕ್ಕೆ ಪರಿಹಾರ ಕೊಟ್ಟಿತು. 1989ರ ಅಕ್ಟೋಬರ್ 2ಕ್ಕೆ ಬಾಕಿ ಬಿದ್ದಿರಬೇಕು ಅಂತ ಷರತ್ತು. ಹೆಂಡತಿಯ ಬೆಂಡೋಲೆ ಅಡ ಇಟ್ಟು ವೇಳೆಗೆ ಸರಿಯಾಗಿ ಕಟ್ಟಿದವನಿಗೆ ಏನೂ ಇಲ್ಲ. ಸಾಹುಕಾರನ ಹತ್ತಿರ ಸಾಲ ಮಾಡಿದವನಿಗೂ ಇಲ್ಲ.

2019ರ ಫೆಬ್ರವರಿಯಲ್ಲಿ ನರೇಂದ್ರ ಮೋದಿಯವರ ಸರ್ಕಾರ ವರ್ಷಕ್ಕೆ 6000 ರೂಪಾಯಿ, ಮೂರು ಕಂತಿನಲ್ಲಿ ಕೊಡುವ ಕಿಸಾನ್ ಸಮ್ಮಾನ್ ಶುರು ಮಾಡಿದಾಗ ಎರಡು ಹೆಕ್ಟೇರ್, ಅಂದರೆ ಹತ್ತಿರ ಹತ್ತಿರ ಐದು ಎಕರೆ ಮಿತಿ ಇತ್ತು. ಕಾಲುವೆ ಕೆಳಗಿನ ಐದು ಎಕರೆ ಒಳಗೆ, ನಮ್ಮ ಕಡೆಯ ಏಳು ಎಕರೆ ಕಲ್ಲುಭೂಮಿ ಹೊರಗೆ. ಚುನಾವಣೆ ಮುಗಿದು ಮತ್ತೆ ಅಧಿಕಾರಕ್ಕೆ ಬಂದ ಮೇಲೆ ಮೇ 31ರ ಮೊದಲ ಸಂಪುಟ ಸಭೆಯಲ್ಲಿ ಆ ಮಿತಿ ತೆಗೆದರು. ಆದರೆ 2019ರ ಫೆಬ್ರವರಿ 1ಕ್ಕೆ ಜಮೀನು ಹೆಸರಿನಲ್ಲಿ ಇರಬೇಕು ಅನ್ನುವ ತಾರೀಕು ಉಳಿಯಿತು. ಆಮೇಲೆ ಹೆಸರಿಗೆ ಬಂದದ್ದು ಲೆಕ್ಕಕ್ಕೆ ಬರಬೇಕಾದರೆ ಹಿರಿಯರು ತೀರಿಕೊಂಡು ವಾರಸದಾರಿಕೆಯಿಂದ ಬಂದಿರಬೇಕು. ಕೋರಿಗೆ ಮಾಡಿದವರಿಗೆ ಬಾಗಿಲು ಇಲ್ಲ.

ನಮ್ಮ ಸೀಮೆಯಲ್ಲಿ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಪಹಣಿ ಉಳಿದ ಮನೆಗಳು ಬಹಳ. ದಿಲ್ಲಿಯಿಂದ ಮುಂದೆ ಯಾವ ಪಟ್ಟಿ ಬಂದರೂ ಮೊದಲು ಕೇಳುವುದು ಪಹಣಿ. ಮರಣ ಪ್ರಮಾಣ ಪತ್ರ, ವಂಶವೃಕ್ಷ ಹಿಡಿದು ನಾಡ ಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಕೊಡಿ. ಬಿತ್ತನೆ ಶುರುವಾದರೆ ಯಾರಿಗೂ ಪುರುಸೊತ್ತು ಇರುವುದಿಲ್ಲ. ಅಣ್ಣ ತಮ್ಮಂದಿರು ಎಲ್ಲರೂ ಊರಲ್ಲಿ ಸಿಗುವುದು ಯುಗಾದಿಗೆ. ಆಗಲೇ ಕೂತು ಮಾತಾಡಿ ಸಹಿ ಹಾಕಿಸಿಕೊಳ್ಳಿ.