ಬಿಸಿಲಿಗೆ ಕುರಿ ಮೇವು ಬಿಟ್ಟರೆ



ಬೂವನಹಳ್ಳಿ ಕಡೆ ಸಂಘದಿಂದ ಸಾಲ ತೆಗೆದು ಎರಡು ಮೂರು ಕುರಿ ಕಟ್ಟಿಕೊಂಡವರು ನಿಮ್ಮಲ್ಲಿ ಇದ್ದೀರಿ. ಏಪ್ರಿಲ್ ಬಂತೆಂದರೆ ಸಭೆಯಲ್ಲಿ ಒಂದೇ ದೂರು, "ಸಿಸ್ಟರ್, ಕುರಿ ಮೇವೇ ಮುಟ್ಟೋದಿಲ್ಲ." ದೃಷ್ಟಿಯಾಗಿದೆ ಎಂದು ದಾರ ಕಟ್ಟಿಸಿದವರಿದ್ದಾರೆ. ಕಾಯಿಲೆಯೆಂದು ಹೆದರಿ ಸಿಕ್ಕಿದ ಬೆಲೆಗೆ ಮಾರಿ, ಆಮೇಲೆ ಕೂಲಿ ಮಾಡಿ ಕಂತು ಕಟ್ಟಿದವರೂ ಇದ್ದಾರೆ.

ಕುರಿಯ ಹೊಟ್ಟೆ ಒಂದು ಒಲೆ ಇದ್ದ ಹಾಗೆ. ತಿಂದ ಮೇವು ಅಲ್ಲಿ ಇಡ್ಲಿ ಹಿಟ್ಟಿನಂತೆ ಹುದುಗುತ್ತದೆ, ಹುದುಗುವಾಗ ಶಾಖ ಹುಟ್ಟುತ್ತದೆ. ಚಳಿಯಲ್ಲಿ ಆ ಶಾಖ ಬೇಕು. ಬೇಸಿಗೆಯಲ್ಲಿ ಹೊರಗೂ ಬೆಂಕಿ, ಒಳಗೂ ಬೆಂಕಿ. ನಮ್ಮ ಹಾಗೆ ಬೆವರಿ ತಂಪಾಗಲು ಕುರಿಗೆ ಆಗದು, ಮೈಮೇಲೆ ಉಣ್ಣೆ ಬೇರೆ. ಹೆಚ್ಚಾಗಿ ತೇಕಿಯೇ ಶಾಖ ಹೊರಹಾಕಬೇಕು. ಅದಕ್ಕೇ ಒಲೆಗೆ ಸೌದೆ ಕಡಿಮೆ ಮಾಡುತ್ತದೆ, ಅಂದರೆ ಮೇವು ಬಿಡುತ್ತದೆ. ಒಂದರ ಹೊಟ್ಟೆ ಕೆಳಗೆ ಇನ್ನೊಂದು ತಲೆ ತೂರಿಸಿ ನಿಲ್ಲುವುದೂ ನೆರಳಿಗಾಗಿಯೇ. ನಮ್ಮ ಜಿಲ್ಲೆಯ ಹೆಸರಿನ ಹಾಸನ ತಳಿಯಾದರೂ ಅಷ್ಟೇ.

ಪಕ್ಕೆ ನೋಡಿ ಉಸಿರು ಎಣಿಸಿ. ನೆರಳಲ್ಲಿ ಆರಾಮಾಗಿರುವ ಕುರಿಗೆ ನಿಮಿಷಕ್ಕೆ ಸುಮಾರು 20ರಿಂದ 30. ಅದು 80 ದಾಟಿದರೆ ಬಹಳ ಕಷ್ಟದಲ್ಲಿದೆ ಎಂದು ತಿಳಿಯಿರಿ.

ನಾವೂ ಒಂದು ಸಲ ತಪ್ಪು ಹೇಳಿದ್ದೆವು. ಹುಲ್ಲು ತಿನ್ನದಿದ್ದರೆ ಮಧ್ಯಾಹ್ನ ರಾಗಿ, ಜೋಳ ಜಾಸ್ತಿ ಕೊಡಿ ಎಂದೆವು. ಒಬ್ಬ ಸದಸ್ಯೆಯ ಕುರಿ ಹೊಟ್ಟೆ ಹುಳಿಯಾಗಿ ಮಲಗಿಬಿಟ್ಟಿತು. ಪಶುವೈದ್ಯರು ಬಂದು ಉಳಿಸಿದರು. ಬೈಗುಳ ನಮಗೆ ಬಿತ್ತು, ಬೀಳಬೇಕಾದ್ದೇ.

ಬದಲಾಯಿಸಬೇಕಾದ್ದು ಹೊತ್ತು. ಬೆಳಕು ಹರಿಯುವಾಗ ಬಿಟ್ಟು ಒಂಬತ್ತು ಹತ್ತಕ್ಕೆ ನೆರಳಿಗೆ ತನ್ನಿ, ನಾಲ್ಕರ ಮೇಲೆ ಮತ್ತೆ ಬಿಡಿ. "ಡೇರಿಗೆ ಹಾಲು ಹಾಕಿ, ಮಕ್ಕಳಿಗೆ ಬುತ್ತಿ ಕಟ್ಟೋ ಹೊತ್ತಲ್ಲಿ ಯಾರು ಬಿಡ್ತಾರೆ?" ಎಂದು ಕೇಳುತ್ತೀರಿ. ನ್ಯಾಯವೇ. ಮೂರು ನಾಲ್ಕು ಮನೆಯವರು ಸೇರಿ ಸರದಿ ಮಾಡಿಕೊಳ್ಳಿ, ಸಂಘ ಇರುವುದು ಸಾಲಕ್ಕೆ ಮಾತ್ರವೇ? ಒಣ ರಾಗಿಹುಲ್ಲು ಹೊಟ್ಟೆಯಲ್ಲಿ ಹೆಚ್ಚು ಶಾಖ ಮಾಡುತ್ತದೆ, ಅದನ್ನು ರಾತ್ರಿಗಿಡಿ. ಹಗಲು ಹಲಸಿನ ಸೊಪ್ಪೋ ಅಗಸೆ ಸೊಪ್ಪೋ ಸ್ವಲ್ಪ ಸ್ವಲ್ಪ ಕಟ್ಟಿ. ನೀರು ಬೇಸಿಗೆಯಲ್ಲಿ ಎರಡರಷ್ಟು ಬೇಕಾಗಬಹುದು, ಬಾನಿ ನೆರಳಲ್ಲಿರಲಿ. ತಗಡಿನ ಸೂರಿದ್ದರೆ ಮೇಲೆ ತೆಂಗಿನ ಗರಿ ಹೊದಿಸಿ.

ಗಬ್ಬದ ಕುರಿಯ ಮೇಲೆ ಹೆಚ್ಚು ಕಣ್ಣಿಡಿ. ಕೊನೆಯ ಒಂದೂವರೆ ತಿಂಗಳಲ್ಲಿ ಮೇವು ಕಡಿಮೆಯಾದರೆ ಮರಿ ಸಣ್ಣದಾಗುತ್ತದೆ, ತಾಯಿಗೆ ಹಾಲೂ ಸಾಲದು. ನಿಮ್ಮ ಕಂತು ಇರುವುದು ಆ ಮರಿಯಲ್ಲೇ.

ಸಂಜೆ ತಂಪಾದ ಮೇಲೂ ಮೇವು ಮುಟ್ಟದೆ, ಮೆಲುಕೂ ಹಾಕದಿದ್ದರೆ ಅದು ಬರೀ ಬಿಸಿಲಿನದಲ್ಲ. ಅವತ್ತೇ ಪಶು ಆಸ್ಪತ್ರೆಗೆ ತೋರಿಸಿ.